ಸಾಗರ ಸಂಶೋಧನಾ ಯಾನಗಳಲ್ಲಿ ಸ್ಥಾನನಿರ್ಣಯ ಹಾಗೂ ಜಲಾಂತರ್ಗತ ರೋಬೋಟ್ ಎಂಜಿನಿಯರ್ ಉದ್ಯೋಗ: ಅಭ್ಯರ್ಥಿಗಳಿಗೆ ಮಾಹಿತಿ

1. ಪೀಠಿಕೆ
ಕೇಂದ್ರ ಭೂ ವಿಜ್ಞಾನ ಸಚಿವಾಲಯದ ಅಧೀನದಲ್ಲಿರುವ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು 1993ರಲ್ಲಿ ಸ್ಥಾಪನೆಗೊಂಡಿತು. ಈ ಸಂಸ್ಥೆಯ ‘ರೋಸಬ್ 6000’ ಎಂಬ ದೂರನಿಯಂತ್ರಿತ ಜಲಾಂತರ್ಗತ ವಾಹನವು 2010ರಲ್ಲಿ ಮಧ್ಯ ಹಿಂದೂ ಮಹಾಸಾಗರದಲ್ಲಿ 5,289 ಮೀಟರ್ ಆಳವನ್ನು ತಲುಪಿತು. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಐದು ವರ್ಷಗಳ ಅವಧಿಗೆ ರೂ. 4,077 ಕೋಟಿ ಅಂದಾಜು ವೆಚ್ಚದ ‘ಡೀಪ್ ಓಷನ್ ಮಿಷನ್’ ಯೋಜನೆಗೆ ಅನುಮೋದನೆ ನೀಡಿತು. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಲು ರೂಪಿಸಲಾದ ‘ಮತ್ಸ್ಯ 6000’ ವಾಹನವು ಈ ಯೋಜನೆಗೆ ಸೇರಿದ್ದಾಗಿರುತ್ತದೆ. ಇಂತಹ ಕಾರ್ಯಗಳಲ್ಲಿ ಸೇವೆ ಸಲ್ಲಿಸಬಯಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2. ಕೆಲಸದ ಸ್ವರೂಪ
ಉಪಗ್ರಹ ಆಧಾರಿತ ಜಿಪಿಎಸ್ ಸಂಕೇತಗಳು ಸಮುದ್ರದ ನೀರಿನೊಳಗೆ ತಲುಪುವುದಿಲ್ಲ. ಆದ್ದರಿಂದ ರೋಬೋಟ್ ಇರುವ ಸ್ಥಾನವನ್ನು ಶಬ್ದ ತರಂಗಗಳ ಮೂಲಕ ಕಂಡುಕೊಳ್ಳಬೇಕಾಗುತ್ತದೆ. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಚಲಿಸುವುದರಿಂದ, 6,000 ಮೀಟರ್ ಆಳಕ್ಕೆ ಹೋಗಿ ಮರಳಲು ಸುಮಾರು 8 ಸೆಕೆಂಡುಗಳು ಬೇಕು. ಹಡಗಿನ ಉಪಕರಣವು ಶಬ್ದ ಬಂದ ದಿಕ್ಕನ್ನು ಅಳೆಯುವಾಗ ಕೇವಲ 1 ಡಿಗ್ರಿ ತಪ್ಪಿದರೂ, ಆ ಆಳದಲ್ಲಿ ಸ್ಥಾನವು 100 ಮೀಟರ್‌ಗೂ ಹೆಚ್ಚು ವ್ಯತ್ಯಾಸವಾಗುತ್ತದೆ. ಎಲ್ಲಿ ದೊರೆಯಿತೆಂದು ತಿಳಿಯದ ಮಾದರಿಯು ಸಂಶೋಧನೆಗೆ ಬಹುಮಟ್ಟಿಗೆ ನಿರುಪಯುಕ್ತವಾಗುತ್ತದೆ. ಸ್ಥಾನ ತಿಳಿಯದೆ ಹೋದರೆ ವಾಹನವನ್ನೇ ಕಳೆದುಕೊಳ್ಳುವ ಅಪಾಯವೂ ಇರುತ್ತದೆ.

3. ಪ್ರಮುಖ ಕರ್ತವ್ಯಗಳು
(ಅ) ವಾಹನವನ್ನು ಇಳಿಸುವ ಮೊದಲು ನೀರಿನ ಉಷ್ಣತೆ, ಲವಣಾಂಶ ಮತ್ತು ಒತ್ತಡವನ್ನು ಅಳೆದು, ಆಯಾ ಆಳದಲ್ಲಿ ಶಬ್ದದ ವೇಗವನ್ನು ಲೆಕ್ಕ ಹಾಕುವುದು.
(ಆ) ಶಬ್ದ ಉಪಕರಣ, ಜಡತ್ವ ಸಂವೇದಕ ಮತ್ತು ತಳದ ಮೇಲಿನ ವೇಗವನ್ನು ಅಳೆಯುವ ಡಾಪ್ಲರ್ ಉಪಕರಣಗಳ ಅಳತೆಗಳನ್ನು ಪರಸ್ಪರ ತಾಳೆ ನೋಡುವುದು.
(ಇ) ಸುಮಾರು 600 ಪಟ್ಟು ವಾಯುಮಂಡಲದ ಒತ್ತಡವನ್ನು ತಾಳಬೇಕಾದ ಕವಚ, ಕೇಬಲ್ ಮತ್ತು ಜೋಡಣೆಗಳನ್ನು ಪ್ರತಿ ಇಳಿತಕ್ಕೂ ಮುನ್ನ ಪರಿಶೀಲಿಸುವುದು.
(ಈ) ಕೇಬಲ್ ಸಿಕ್ಕಿಹಾಕಿಕೊಳ್ಳದಂತೆ ಹಡಗಿನ ಅಧಿಕಾರಿಗಳೊಡನೆ ಸತತ ಸಂಪರ್ಕದಲ್ಲಿರುವುದು.

ಹಡಗನ್ನು ನಡೆಸುವ ಅಧಿಕಾರವು ಕಪ್ತಾನರದು ಹಾಗೂ ನೌಕಾಯಾನ ಅರ್ಹತಾ ಪ್ರಮಾಣಪತ್ರ ಹೊಂದಿದ ಅಧಿಕಾರಿಗಳದು. ಈ ಎರಡು ಹುದ್ದೆಗಳು ಬೇರೆ ಬೇರೆ ಎಂಬುದನ್ನು ಅಭ್ಯರ್ಥಿಗಳು ಗಮನಿಸತಕ್ಕದ್ದು.

4. ವಿದ್ಯಾರ್ಹತೆ
ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಉಪಕರಣ ತಂತ್ರಜ್ಞಾನ ಅಥವಾ ಕಂಪ್ಯೂಟರ್ ವಿಭಾಗದ ಎಂಜಿನಿಯರಿಂಗ್ ಪದವಿಯು ಈ ಕ್ಷೇತ್ರಕ್ಕೆ ಉಪಯುಕ್ತವಾಗಿರುತ್ತದೆ. ಆಯಾ ಹುದ್ದೆಗೆ ಬೇಕಾದ ನಿಖರ ವಿದ್ಯಾರ್ಹತೆ, ಅಂಕ ಮತ್ತು ವಯೋಮಿತಿಗೆ ಅಧಿಸೂಚನೆಯೇ ಆಧಾರ. ರಾಜ್ಯದ ಅಭ್ಯರ್ಥಿಗಳಿಗೆ ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್ ವಿಭಾಗವಿದೆ. ಮದ್ರಾಸ್ ಐಐಟಿಯಲ್ಲಿಯೂ ಸಾಗರ ಎಂಜಿನಿಯರಿಂಗ್ ವಿಭಾಗವಿದೆ.

5. ಸೇವಾ ಪರಿಸ್ಥಿತಿ
ಯಾನವು ವಾರಗಟ್ಟಲೆ ನಡೆಯಬಹುದು. ವಾಹನವು ನೀರಿನಲ್ಲಿರುವಾಗ ಹಗಲಿರುಳೂ ಪಾಳಿಯಲ್ಲಿ ಕೆಲಸ ಮಾಡಬೇಕಾಗುತ್ತದೆ. ಹಡಗಿನ ಹೊಯ್ದಾಟದಿಂದ ವಾಕರಿಕೆ ಉಂಟಾಗುವುದು ಸಾಮಾನ್ಯ. ದಡದಿಂದ ದೂರದಲ್ಲಿರುವಾಗ ಕುಟುಂಬದ ತುರ್ತು ಸಂದರ್ಭದಲ್ಲಿಯೂ ತಕ್ಷಣ ಮರಳಲು ಸಾಧ್ಯವಾಗದಿರಬಹುದು. ಈ ವಿಷಯವನ್ನು ಮನೆಯವರೊಡನೆ ಮೊದಲೇ ಚರ್ಚಿಸುವುದು ಒಳಿತು. ಸಂಸ್ಥೆಯ ಅನೇಕ ಹುದ್ದೆಗಳು ನಿಗದಿತ ಅವಧಿಯ ಗುತ್ತಿಗೆ ಆಧಾರದ ಯೋಜನಾ ಹುದ್ದೆಗಳಾಗಿರುತ್ತವೆ. ಆದುದರಿಂದ ಸೇವಾವಧಿಯ ಷರತ್ತುಗಳನ್ನು ಪೂರ್ಣವಾಗಿ ಓದಿಕೊಂಡ ನಂತರವೇ ಅರ್ಜಿ ಸಲ್ಲಿಸತಕ್ಕದ್ದು.

6. ಅರ್ಜಿ ಸಲ್ಲಿಸುವ ವಿಧಾನ
ಹುದ್ದೆಗಳ ಅಧಿಸೂಚನೆಯನ್ನು ಸಂಸ್ಥೆಯ ಅಧಿಕೃತ ಅಂತರ್ಜಾಲ ತಾಣದಲ್ಲಿ ಪ್ರಕಟಿಸಲಾಗುತ್ತದೆ. ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಜನ್ಮ ದಿನಾಂಕದ ದಾಖಲೆ, ಅನುಭವ ಪತ್ರ ಹಾಗೂ ಅನ್ವಯವಾದಲ್ಲಿ ಮೀಸಲಾತಿ ಪ್ರಮಾಣಪತ್ರವನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳುವುದು ಸೂಕ್ತ. ಅಂತಿಮ ಯೋಜನೆಯಲ್ಲಿ ಸಂವೇದಕ ಅಥವಾ ನಿಯಂತ್ರಣ ವ್ಯವಸ್ಥೆಯನ್ನು ಸ್ವತಃ ನಿರ್ಮಿಸಿದ್ದಲ್ಲಿ ಅದರ ವಿವರವನ್ನು ನಮೂದಿಸುವುದು ಉಪಯುಕ್ತ.

ಸೂಚನೆ: ಉದ್ಯೋಗ ಕೊಡಿಸುವುದಾಗಿ ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬಾರದು. ಈ ಪುಟವು ಸಾಮಾನ್ಯ ಮಾಹಿತಿಗಾಗಿ ಮಾತ್ರ. ಅಧಿಸೂಚನೆಯಲ್ಲಿರುವ ಷರತ್ತುಗಳೇ ಅಂತಿಮ.