ಪಡಿಯಚ್ಚಿನಿಂದ ಸ್ಕ್ಯಾನರ್‌ಗೆ

ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಶಾಂತೀಶ್ವರ ಬಸದಿ 12ನೇ ಶತಮಾನದ ಹೊಯ್ಸಳ ಶೈಲಿಯ ಕಟ್ಟಡ. ಈ ಊರು ಸೇರಿರುವ ತುಮಕೂರು ಜಿಲ್ಲೆಯ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1904ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟವಾಗಿ ಹೊರತಂದರು. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಮಸಿ ಬಡಿದು ಪಡಿಯಚ್ಚು ತೆಗೆಯುವ ಆ ಕೆಲಸದ ಫಲ ತಲುಪಿದ್ದು ವಿದ್ವಾಂಸರಿಗೆ. ಊರಿನವರ ಪಾಲಿಗೆ ಕಲ್ಲು ಮೂಕವಾಗಿಯೇ ಉಳಿಯಿತು.

ಬೆಂಗಳೂರಿನಲ್ಲಿ ಈ ಅಂತರ ಕರಗತೊಡಗಿದೆ. ಸುಮಾರು ಕ್ರಿ.ಶ. 750ರ ಹೆಬ್ಬಾಳದ ಕಿತ್ತಯ್ಯನ ಶಾಸನ 2018ರಲ್ಲಿ ಸಿಕ್ಕಾಗ ಅದನ್ನು ಕಾಪಾಡಲು ಮುಂದಾದವರು ಸಾಮಾನ್ಯ ನಾಗರಿಕರೇ. 1909ರಲ್ಲಿ ಹುಟ್ಟಿದ ಇತಿಹಾಸ ಅಧ್ಯಯನ ಸಂಸ್ಥೆ ಮಿಥಿಕ್ ಸೊಸೈಟಿ 2021ರಲ್ಲಿ ಶಾಸನಗಳ ತ್ರೀಡಿ ಸ್ಕ್ಯಾನಿಂಗ್ ಕೈಗೊಂಡಿತು. ತೆರೆಯ ಮೇಲೆ ಬೆಳಕಿನ ಕೋನ ಬದಲಿಸಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ, ಕಲ್ಲು ಮಾತ್ರ ತನ್ನೂರಲ್ಲೇ ಇರುತ್ತದೆ. ಕಲ್ಲನ್ನು ಕದಲಿಸದೆ ತೆರೆಯ ಮೇಲೆ ಓದಿಸುವ ಇಂಥ ಸಂಗ್ರಹವೇ ನಿಟ್ಟೂರಿನಂಥ ಊರಿಗೆ ಒಪ್ಪುವ ವಸ್ತುಸಂಗ್ರಹಾಲಯ.