ಅಕ್ಕಿಗೆ ಬದಲು ರಾಗಿ

ಮೊಬೈಲಿನಲ್ಲಿ ದಿನಸಿ ತರಿಸುವ ನಿಮಗೆ, ಕೇಳಿದ ಅಕ್ಕಿ ಮುಗಿದಿದೆ, ಬದಲಿಗೆ ಬೇರೆಯದು ಆಗಬಹುದೇ ಎಂಬ ಪ್ರಶ್ನೆ ಹೊಸದಲ್ಲ. ಒಲ್ಲೆನೆಂದರೆ ಹಣ ಹಿಂದಕ್ಕೆ ಬರುತ್ತದೆ. ಹಾಗೆ ಒಲ್ಲೆನೆನ್ನಲಾಗದ ಕಾಲವೊಂದಿತ್ತು. ಕೋಲಾರ ಚಿನ್ನದ ಗಣಿಯ ಊರನ್ನು ನೆನೆದರೆ ಅದು ಚೆನ್ನಾಗಿ ತಿಳಿಯುತ್ತದೆ.

ಗಣಿಯ ನೆಲ ಕೊಡುತ್ತಿದ್ದುದು ಚಿನ್ನವನ್ನು, ಅನ್ನವನ್ನಲ್ಲ. ಕೂಲಿಗಾರರಲ್ಲಿ ಬಹುಮಂದಿ ತಮಿಳು ಸೀಮೆಯಿಂದ ಬಂದವರು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಕ್ಕೆ ರೈಲು ಹಾಕಿದ ಮೇಲೆ ಹೊರಗಿನ ಸರಕಿಗೆ ಅದೇ ಹೆದ್ದಾರಿಯಾಯಿತು.

1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ವಶವಾಯಿತು. ವರ್ಷಕ್ಕೆ 10 ಲಕ್ಷ ಟನ್ನಿಗೂ ಮೀರಿ ಭಾರತಕ್ಕೆ ಬರುತ್ತಿದ್ದ ಬರ್ಮಾ ಅಕ್ಕಿ ನಿಂತಿತು. ಮರುವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿಗೆ ಬಲಿಯಾದರು. ಮೈಸೂರು ಸಂಸ್ಥಾನದಲ್ಲಿಯೂ ಪಡಿತರ ಜಾರಿಗೆ ಬಂದಿತು. ಪಡಿತರ ಚೀಟಿ ನಿಮಗೇನು ಬೇಕೆಂದು ಕೇಳುವುದಿಲ್ಲ. ಇಷ್ಟೇ, ಇದೇ ಎನ್ನುತ್ತದೆ.

ಅಕ್ಕಿಯುಣ್ಣುವ ದಕ್ಷಿಣಕ್ಕೆ ಆಗ ಗೋಧಿಯೂ ಬಂತು. ಅದನ್ನು ಬೀಸಿ, ನಾದಿ, ಲಟ್ಟಿಸುವ ರೂಢಿಯಿಲ್ಲದ ಮನೆಯಲ್ಲಿ ಚೀಲ ತುಂಬಿದರೂ ತಟ್ಟೆ ತುಂಬಲಿಲ್ಲ. ರಾಗಿಯ ಮಾತು ಬೇರೆ. ಅದು ಕೋಲಾರದ ಹೊಲದ ಬೆಳೆ. ಇಲ್ಲಿಯವರ ಮುದ್ದೆಯೇ ಆರ್ಕಾಟು ಕಡೆಯವರ ಕಳಿ. ಸಾವಿರಾರು ಅಡಿ ಕೆಳಗಿಳಿದು ದುಡಿಯುವ ಮೈಗೆ ಅದು ಪರಕೀಯವಲ್ಲ.

ಬದಲಿ ಪದಾರ್ಥವನ್ನು ತೂಕದಿಂದಷ್ಟೇ ಅಳೆಯಬಾರದು. ಮನೆಯ ಒಲೆಗೂ ಕೈಗೂ ಅದು ಒಗ್ಗಬೇಕು. ಸಮುದ್ರದಾಚೆಯ ಅಕ್ಕಿ ತಪ್ಪಿದ ದಿನ ಪಕ್ಕದ ಹೊಲದ ರಾಗಿಯ ಬೆಲೆ ತಿಳಿಯಿತು.