ಪುರ ಗ್ರಾಮದ ಸಗಣಿ ಅನಿಲ ಸ್ಥಾವರ

ಸಗಣಿಯನ್ನು ನಮ್ಮ ರೈತನು ಎಂದೂ ಕಸವೆಂದು ಬಗೆದವನಲ್ಲ. ಅಂಗಳಕ್ಕೆ ಸಾರಣೆ, ಹೊಲಕ್ಕೆ ಗೊಬ್ಬರ, ಕಟ್ಟಿಗೆ ದೊರೆಯದ ಸೀಮೆಯಲ್ಲಿ ಒಲೆಗೆ ಕುಳ್ಳು. ಆದರೆ ಒಲೆಗೆ ಹಾಕಿದ್ದು ಹೊಲಕ್ಕೆ ಸಲ್ಲದು. ಈ ಇಕ್ಕಟ್ಟನ್ನು ಬಿಡಿಸಬಲ್ಲ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲವೆಂಬುದನ್ನು ವಾಚಕರು ಗಮನಿಸಬೇಕು. 1897ರಲ್ಲಿಯೇ ಮುಂಬಯಿಯ ಮಾಟುಂಗಾದ ಕುಷ್ಠರೋಗಿಗಳ ಆಶ್ರಯಧಾಮದಲ್ಲಿ ಮಲಿನದಿಂದ ಹೊರಟ ಅನಿಲವನ್ನು ಬಳಕೆಗೆ ತಂದಿದ್ದರು. 1939ರಲ್ಲಿ ಎಸ್. ವಿ. ದೇಸಾಯಿಯವರು ಸಗಣಿಯ ಮೇಲೆ ಪ್ರಯೋಗ ನಡೆಸಿದರು. 1951ರಲ್ಲಿ ಜಶಭಾಯಿ ಪಟೇಲರು ತೇಲುವ ಡ್ರಮ್ಮಿನ ‘ಗ್ರಾಮಲಕ್ಷ್ಮೀ’ ಸ್ಥಾವರವನ್ನು ರೂಪಿಸಿದರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು ಅದನ್ನೇ ಕೈಗೆತ್ತಿಕೊಂಡು ಹಳ್ಳಿಹಳ್ಳಿಗೆ ಒಯ್ದಿತು.

ಸಗಣಿಗೆ ಸಮಭಾಗ ನೀರು ಬೆರೆಸಿ ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಯಿಸಿದರೆ ಸೂಕ್ಷ್ಮಜೀವಿಗಳು ಮೀಥೇನ್ ಅನಿಲವನ್ನು ಹೊರಗೆಡಹುತ್ತವೆ. ಉಳಿದ ಬಗ್ಗಡದಲ್ಲಿ ಸಾರಜನಕವು ಹಾಗೆಯೇ ಇರುತ್ತದೆ. ಅನಿಲವೂ ದೊರೆಯಿತು, ಗೊಬ್ಬರವೂ ಉಳಿಯಿತು. ಆದರೆ ನಾಲ್ಕಾರು ದನಗಳುಳ್ಳವನು ಮಾತ್ರ ಮನೆಗೊಂದು ಸ್ಥಾವರ ಕಟ್ಟಿಸಿಕೊಳ್ಳಬಲ್ಲ. ಒಂದೇ ಎಮ್ಮೆಯುಳ್ಳ ಬಡವನ ಗತಿಯೇನು?

ಈ ಪ್ರಶ್ನೆಗೆ ಉತ್ತರವನ್ನರಸಿದ ಯತ್ನ ನಮ್ಮ ತುಮಕೂರು ಜಿಲ್ಲೆಯಲ್ಲಿಯೇ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ವಿಭಾಗವು ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಣ ಆರು ಹಳ್ಳಿಗಳಲ್ಲಿ ಅವರು ಇಂಧನದ ಲೆಕ್ಕ ಹಾಕಿದರು. ಅವುಗಳಲ್ಲೊಂದು ಪುರ; ಐನೂರಕ್ಕೆ ಮುಟ್ಟದ ಜನಸಂಖ್ಯೆಯ ಸಣ್ಣ ಊರು. ಅಲ್ಲಿ ಒಲೆಗೆ ಕಟ್ಟಿಗೆಯೇ ಆಧಾರ, ಸಗಣಿಯೆಲ್ಲ ತಿಪ್ಪೆಗೆ. ಸೌದೆ ಹೊರುವ ಹೆಂಗಸರ ಹೊರೆ ಇಳಿಸಲು ಊರಿಗೆಲ್ಲ ಅಡುಗೆಯ ಅನಿಲ ಒದಗಿಸಬೇಕೆಂಬುದು ಮೊದಲ ಸಂಕಲ್ಪವಾಗಿತ್ತು. ಅದು ಕೈಗೂಡಲಿಲ್ಲ. ಮೇಯಲು ಹೋದ ದನದ ಸಗಣಿ ದಾರಿಯಲ್ಲಿ ಬೀಳುತ್ತದೆ. ಕೊಟ್ಟಿಗೆಯಲ್ಲಿ ದೊರೆತಷ್ಟು ಎಲ್ಲ ಒಲೆಗಳಿಗೆ ಸಾಲದು. ದನದ ತಲೆಯೆಣಿಸಿ ಅನಿಲದ ಲೆಕ್ಕ ಬರೆಯುವವರೆಲ್ಲರೂ ನೆನಪಿಡಬೇಕಾದ ಸಂಗತಿಯಿದು.

ಊರವರಿಗೋ ಮೊದಲು ಬೇಕಾಗಿದ್ದುದು ಕುಡಿಯುವ ನೀರು. ಆದಕಾರಣ 1987ರಲ್ಲಿ ಸ್ಥಾವರದ ಉದ್ದೇಶವನ್ನೇ ಬದಲಿಸಲಾಯಿತು. ಅನಿಲದಿಂದ 7 ಅಶ್ವಶಕ್ತಿಯ ಡೀಸೆಲ್ ಎಂಜಿನ್ನನ್ನು ನಡೆಸಿ, ಅದರಿಂದ ವಿದ್ಯುತ್ತು. ವಿದ್ಯುತ್ತಿನಿಂದ ಕೊಳವೆಬಾವಿಯ ಪಂಪು ಮತ್ತು ಮನೆಗಳಿಗೆ ಟ್ಯೂಬ್ ದೀಪ. ಅನಿಲವು ಒತ್ತಡದಿಂದಷ್ಟೇ ತಾನಾಗಿ ಹೊತ್ತಿಕೊಳ್ಳದಾದ್ದರಿಂದ ಕೊಂಚ ಡೀಸೆಲ್ ಮಾತ್ರ ಬೇಕಾಗುತ್ತಿತ್ತು. ಕೆರೆಯ ನೀರಿಗೆ ಬದಲು ನಲ್ಲಿಯಲ್ಲಿ ಬಾವಿಯ ನೀರು ಬಂದಿತು.

ಇನ್ನು ವ್ಯವಸ್ಥೆಯ ವಿಚಾರ. ಎಂಜಿನ್ನಿಗಿಂತ ಇದೇ ಹೆಚ್ಚು ಸ್ವಾರಸ್ಯಕರವೆಂದು ನನ್ನ ಎಣಿಕೆ. ಪ್ರತಿ ಮನೆಯವರು ತಂದ ಸಗಣಿಯನ್ನು ತೂಗಿ ಬರೆದುಕೊಳ್ಳುತ್ತಿದ್ದರು. ಬಗ್ಗಡವನ್ನು ಮರಳಿನ ಪಾತಿಯಲ್ಲಿ ಸೋಸಿ, ಹೊರಲು ಬರುವಷ್ಟು ಗಟ್ಟಿಯಾದ ಮೇಲೆ ತಂದವರಿಗೇ ಹಿಂದಿರುಗಿಸುತ್ತಿದ್ದರು. ಹೊತ್ತು ತಂದ ಶ್ರಮಕ್ಕೆ ಕಿಲೋವೊಂದಕ್ಕೆ 2 ಪೈಸೆ ಬೇರೆ. ಇದು ಅತ್ಯಲ್ಪವೆಂದು ತಾವು ನಗಬಹುದು. ಆದರೆ ಆ ಹಣವು ಬಹುಮಟ್ಟಿಗೆ ಹೆಂಗಸರ ಮಕ್ಕಳ ಕೈ ಸೇರುತ್ತಿತ್ತು. ಊರಿನ ಇಬ್ಬರು ತರುಣರೇ ಎಂಜಿನ್ ನೋಡಿಕೊಂಡರು. ದೀಪಕ್ಕೆ ಶುಲ್ಕ ಕೊಡದವರ ಸಂಪರ್ಕವನ್ನು ಗ್ರಾಮವಿಕಾಸ ಸಭೆಯು ಕಡಿಯಬಹುದಾಗಿತ್ತು.

ಹತ್ತು ಜನರ ಸೊತ್ತನ್ನು ಯಾರೂ ಕಾಯರೆಂದು ಪಂಡಿತರು ವಾದಿಸುತ್ತ ಬಂದಿದ್ದಾರೆ. ಪುರದಲ್ಲಿ ಅದು ಸುಳ್ಳಾಯಿತೆಂದು ರೆಡ್ಡಿಯವರು 1995ರಲ್ಲಿ ಬರೆದರು. ಸಗಣಿ ತಾರದೆ ಕುಳಿತವನ ಮನೆಯ ದೀಪವೂ ನೆರೆಯವನದರೊಡನೆಯೇ ಆರುತ್ತದೆ. ಅವನಿಗೂ ನಲ್ಲಿಯಲ್ಲಿ ನೀರಿಲ್ಲ. ಹೀಗೆ ಸ್ವಾರ್ಥವೇ ಸಹಕಾರಕ್ಕೆ ಕಾವಲಾಯಿತು. ಸಗಣಿ ಕೊಡುವುದರಿಂದ ಅವನಿಗೆ ಗೊಬ್ಬರದ ನಷ್ಟವೂ ಇಲ್ಲ.

ಈ ಸ್ಥಾವರವು ಇಂದು ನಡೆಯುತ್ತಿಲ್ಲ. ‘ಅಸ್ತ್ರ’ವು ಈಗ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವೆಂಬ ಹೆಸರಿನಲ್ಲಿ ಅದೇ ಸಂಸ್ಥೆಯಲ್ಲಿದೆ, ರೆಡ್ಡಿಯವರು 2006ರಲ್ಲಿ ತೀರಿಕೊಂಡರು. 2018ರಲ್ಲಿ ಕೇಂದ್ರ ಸರ್ಕಾರವು ‘ಗೋಬರ್ ಧನ್’ ಎಂಬ ಯೋಜನೆಯನ್ನು ಹೂಡಿತು. ತಮ್ಮ ಊರಿನ ಪಂಚಾಯಿತಿಯು ಅದನ್ನು ಎತ್ತಿಕೊಂಡಾಗ, ತೊಟ್ಟಿಯ ಅಳತೆಗೆ ಮುನ್ನ ಮುಂಜಾನೆ ಕೊಟ್ಟಿಗೆಯಲ್ಲಿ ದೊರೆಯುವ ಸಗಣಿಯೆಷ್ಟು, ಬಗ್ಗಡವು ಯಾರ ಹೊಲಕ್ಕೆ ಮರಳುವುದು ಎಂಬುದನ್ನು ತಾವು ಕೇಳಿ ತಿಳಿಯಿರಿ.